ಮಣಿಗಳ ಶುದ್ಧಿ

ಸ್ಫಟಿಕದ ಜಪಮಾಲೆ ಮೊದಲಾದುವನ್ನು ಉಪ್ಪುನೀರಿನಲ್ಲಿ ನೆನೆಯಿಸಿ, ಬಿಸಿಲಿಗೋ ಬೆಳುದಿಂಗಳಿಗೋ ಇಟ್ಟು ‘ಶಕ್ತಿ ತುಂಬುವ’ ಪದ್ಧತಿಯು ಈಚೆಗೆ ಹಬ್ಬುತ್ತಲಿದೆ. ಶಕ್ತಿಯ ವಿಚಾರವು ಅವರವರ ಶ್ರದ್ಧೆಗೆ ಸೇರಿದುದು. ಅದರಲ್ಲಿ ನಾವು ಕೈಹಾಕುವುದಿಲ್ಲ. ಕಲ್ಲೂ ಮನೆಯೂ ಕೆಡಬಾರದೆಂಬುದಷ್ಟೇ ನಮ್ಮ ಮಾತು.

ಸ್ಫಟಿಕವು ಗಟ್ಟಿಯಾದ ಶಿಲೆ, ಕಾಠಿಣ್ಯಮಾನದಲ್ಲಿ 7. ಉಗುರುಬೆಚ್ಚನೆಯ ನೀರು, ತುಸು ಸಾಬೂನು, ಮೆತ್ತನೆಯ ಬಟ್ಟೆ, ಇಷ್ಟು ಸಾಕು. ಮುತ್ತುಹವಳಗಳ ಜಾತಿಯೇ ಬೇರೆ. ಅವು ಸುಣ್ಣದ ದ್ರವ್ಯದಿಂದಾದುವು. ತಾಮ್ರದ ತಂಬಿಗೆಯನ್ನು ಬೆಳಗುವ ಹುಣಸೇಹಣ್ಣನ್ನೇ ಅವಕ್ಕೂ ತಿಕ್ಕಿದರೆ, ಅಜ್ಜಿಯ ಕಾಲದ ಮುತ್ತಿನ ಕಾಂತಿಯು ಹೋದೀತು. ಹೋದುದು ಮರಳಿ ಬಾರದು. ನಿಂಬೆಯ ರಸವೂ ಹಾಗೆಯೇ. ಒದ್ದೆಬಟ್ಟೆಯಿಂದ ಒರಸಿ ನೆರಳಿನಲ್ಲಿ ಆರಿಸತಕ್ಕದ್ದು.

ಬಿಸಿಲಿನ ಭಯವು ಇನ್ನೊಂದು ಬಗೆ. ತಪಸ್ವಿಗಳನ್ನು ಕಾಳಿದಾಸನು ಶಾಕುಂತಲದಲ್ಲಿ ಸೂರ್ಯಕಾಂತಕ್ಕೆ ಹೋಲಿಸಿರುವನಷ್ಟೆ: ಮುಟ್ಟಿದರೆ ತಂಪು, ಒಳಗೆ ಬೆಂಕಿ. ಇದು ಬರಿಯ ಕವಿಸಮಯವಲ್ಲ. ನಿರ್ಮಲವಾದ ಸ್ಫಟಿಕದ ಗುಂಡು ಸೂರ್ಯಕಿರಣಗಳನ್ನು ಒಂದೆಡೆ ಕೂಡಿಸಿ, ಕಿಟಕಿಯ ಪರದೆಗೂ ಕಾಗದಕ್ಕೂ ಕಿಚ್ಚಿಡಬಲ್ಲುದು. ಅದನ್ನು ಬಿಸಿಲಿನಲ್ಲಿಟ್ಟು ಮನೆಬಿಟ್ಟು ಹೋಗಲೇಕೂಡದು. ಅಮೆಥಿಸ್ಟ್ ಎಂಬ ನೇರಿಳೆಬಣ್ಣದ ಸ್ಫಟಿಕವಂತೂ ಬಹುಕಾಲದ ಬಿಸಿಲಿಗೆ ಬಣ್ಣಗೆಡುವುದು. ಬೆಳುದಿಂಗಳಿನಿಂದ ಯಾವ ಕೇಡೂ ಇಲ್ಲ. ಕಳ್ಳನ ಕಣ್ಣು ಬೀಳದಿದ್ದರೆ ಸರಿ.

ಕಲ್ಲು ನೆನೆದ ನೀರನ್ನು ಔಷಧವೆಂದು ಕುಡಿಯುವವರೂ, ಮಕ್ಕಳಿಗೆ ಕುಡಿಸುವವರೂ ಉಂಟು. ಇದನ್ನು ನಾವು ಖಂಡಿತವಾಗಿ ನಿಷೇಧಿಸುತ್ತೇವೆ. ಹಸುರಾದ ಮ್ಯಾಲಕೈಟಿನಲ್ಲಿ ತಾಮ್ರವಿದೆ, ಇಂಗಳೀಕದಲ್ಲಿ ಪಾದರಸವಿದೆ, ಅರಿದಳದಲ್ಲಿ ಪಾಷಾಣವಿದೆ. ಅಂಗಡಿಯವನು ಹೇಳಿದ ಹೆಸರು ನಿಜವೋ ಅಲ್ಲವೋ ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಣಯಿಸಲಾಗದು. ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಿರಿ. ಆ ಪಾತ್ರೆಯನ್ನು ಅಡಿಗೆಗೆ ಬಳಸಬೇಡಿರಿ.