ದೃಷ್ಟಿಮಾಪಕರ ವೃತ್ತಿ: ಗುಣಾವಗುಣಗಳ ವಿಚಾರ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ವೈದ್ಯಕೀಯಕ್ಕೆ ಅಂಕ ಸಾಲದ, ಎಂಜಿನಿಯರಿಂಗಿಗೆ ಮನಸ್ಸು ಒಪ್ಪದ ವಿದ್ಯಾರ್ಥಿಗಳು ಈಚಿನ ವರ್ಷಗಳಲ್ಲಿ ಇನ್ನೊಂದು ದಾರಿಯತ್ತ ನೋಡುತ್ತಿದ್ದಾರೆ. ಅದು ಆಪ್ಟೊಮೆಟ್ರಿ, ಎಂದರೆ ದೃಷ್ಟಿಮಾಪನ. ಈ ವಿಷಯದಲ್ಲಿ ಕನ್ನಡ ಅಧ್ಯಾಪಕನಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ವಿಜ್ಞಾನದ ವಿದ್ಯಾರ್ಥಿಗಳೂ ಭಾಷೆಯ ತರಗತಿಗೆ ಬರುತ್ತಾರೆ. ಬೇರೆಡೆ ಕೇಳಲು ಸಂಕೋಚವಾಗುವುದನ್ನು ನಮ್ಮಲ್ಲಿ ಕೇಳುತ್ತಾರೆ. 'ಸೇರಬಹುದೇ, ಸಾರ್?' ಎಂಬ ಪ್ರಶ್ನೆಯನ್ನು ನಾನು ಹಲವು ಬಾರಿ ಎದುರಿಸಿದ್ದೇನೆ.

ಕಣ್ಣಿನ ವೈದ್ಯರನ್ನು ನಮ್ಮ ಜನ ಬಲ್ಲರು, ಬೀಳಗಿಯ ಡಾ. ಎಂ. ಸಿ. ಮೋದಿಯವರ ಹೆಸರು ಹಳ್ಳಿಗಾಡಿನಲ್ಲಿ ಮನೆಮಾತಾಗಿತ್ತು. ಕನ್ನಡಕದ ಅಂಗಡಿಯವರನ್ನೂ ಬಲ್ಲರು. ಇವರಿಬ್ಬರ ನಡುವೆ ನಿಂತವರೇ ದೃಷ್ಟಿಮಾಪಕರು. ನೋಟದ ದೋಷವನ್ನು ಅಳೆದು ಕನ್ನಡಕವನ್ನೋ ಕಾಂಟ್ಯಾಕ್ಟ್ ಲೆನ್ಸನ್ನೋ ಗೊತ್ತುಮಾಡುವುದು, ಮಕ್ಕಳ ಸೋಮಾರಿ ಕಣ್ಣನ್ನು ಕಾಲದಲ್ಲಿ ಗುರುತಿಸುವುದು, ಗ್ಲಾಕೋಮಾದ ಅಥವಾ ಮಧುಮೇಹದ ಹಾವಳಿಯ ಸುಳಿವು ಕಂಡರೆ ವೈದ್ಯರಲ್ಲಿಗೆ ಕಳುಹಿಸುವುದು ಅವರ ಕೆಲಸ. ಶಸ್ತ್ರಚಿಕಿತ್ಸೆ ಅವರದಲ್ಲ. ಅವರನ್ನು ಕರೆಯಲು ನಮ್ಮ ಆಡುಮಾತಿನಲ್ಲಿ ಒಂದು ಪದವೂ ನೆಲೆನಿಂತಿಲ್ಲ. ಹೆಸರಿಲ್ಲದ ವೃತ್ತಿಗೆ ಮನ್ನಣೆ ತಡವಾಗಿಯೇ ದೊರೆಯುತ್ತದೆ.

ಮೊದಲು ಗುಣಗಳನ್ನು ನೋಡೋಣ. ಈ ವೃತ್ತಿಯ ಅಗತ್ಯ ನಿರ್ವಿವಾದವಾದುದು. ಜಗತ್ತಿನಲ್ಲಿ ಕಡಿಮೆಯೆಂದರೂ 220 ಕೋಟಿ ಜನರಿಗೆ ದೃಷ್ಟಿದೋಷವಿದೆಯೆಂದೂ, ಅವರಲ್ಲಿ ನೂರು ಕೋಟಿ ಜನರ ದೋಷವನ್ನು ತಡೆಯಬಹುದಾಗಿತ್ತು ಅಥವಾ ಅದಕ್ಕಿನ್ನೂ ಪರಿಹಾರ ಒದಗಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ಹೇಳಿತು. ಅಸ್ಸಾಮಿನ ತೋಟಗಳಲ್ಲಿ ಚಹದೆಲೆ ಬಿಡಿಸುವ, ನಲವತ್ತು ದಾಟಿದ 751 ಮಂದಿ ಕಾರ್ಮಿಕರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಸಾಧಾರಣ ಬೆಲೆಯ ಸಮೀಪದೃಷ್ಟಿಯ ಕನ್ನಡಕ ಪಡೆದವರ ದುಡಿಮೆ, ಪಡೆಯದವರಿಗೆ ಹೋಲಿಸಿದರೆ, ಶೇಕಡಾ 21ಕ್ಕೂ ಮಿಗಿಲಾಗಿ ಹೆಚ್ಚಿತ್ತು. ಕಪ್ಪುಹಲಗೆ ಕಾಣದೆ ದಡ್ಡನೆನಿಸಿಕೊಂಡ ಹುಡುಗನನ್ನು ಅರಿಯದ ಅಧ್ಯಾಪಕರಾರಿದ್ದಾರೆ? ಕಲಿಕೆಗೂ ಕೂಳಿಗೂ ನೇರವಾಗಿ ಸಂಬಂಧಿಸಿದ ಕೆಲಸವಿದು. ನಡುರಾತ್ರಿಯ ಕರೆಗಳು ವಿರಳ. ಹೊತ್ತಿಗೆ ಮನೆ ಸೇರಬಹುದು. ಮಿತವಾದ ಬಂಡವಾಳದಲ್ಲಿ ಸ್ವಂತ ಕೋಣೆ ತೆರೆಯುವುದೂ ಅಸಾಧ್ಯವಲ್ಲ.

ಅವಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಮನೆಯವರು ಕಷ್ಟಪಟ್ಟು ಶುಲ್ಕ ಕಟ್ಟಿ ನಾಲ್ಕು ವರ್ಷ ಓದಿಸಿದ ಮೇಲೆ ದೊರೆಯುವ ಮೊದಲ ಸಂಬಳ ಆ ಓದಿಗೆ ತಕ್ಕುದಾಗಿರುವುದು ಅಪರೂಪ. ದಿನವೆಲ್ಲ ಅದೇ ಅಕ್ಷರಗಳ ಫಲಕ, 'ಇದು ಸ್ಪಷ್ಟವೋ, ಅದು ಸ್ಪಷ್ಟವೋ' ಎಂಬ ಅದೇ ಪ್ರಶ್ನೆ. ಕಣ್ಣಳೆಯುವ ಯಂತ್ರಗಳು ಈ ಕೆಲಸದ ಒಂದು ಭಾಗವನ್ನು ಆಗಲೇ ವಹಿಸಿಕೊಂಡಿವೆ. ವಿದೇಶದ ಆಸೆ ಹೊತ್ತವರು ಅಮೆರಿಕದಲ್ಲಿ ವೃತ್ತಿ ನಡೆಸಬೇಕಾದರೆ ಅಲ್ಲಿಯ ಡಾಕ್ಟರ್ ಆಫ್ ಆಪ್ಟೊಮೆಟ್ರಿ ಪದವಿಯನ್ನು ಪಡೆಯಲೇಬೇಕು. ಇಲ್ಲಿಯ ಪದವಿಯೊಂದೇ ಸಾಲದು.

ಶಾಸನದ ಮಾತೂ ಇದೆ. ಬ್ರಿಟನ್ನಿನಲ್ಲಿ ಈ ವೃತ್ತಿಯ ನೋಂದಣಿಗಾಗಿ 1958ರಲ್ಲಿಯೇ ಕಾಯಿದೆಯಾಯಿತು. ನಮ್ಮಲ್ಲಿ ಚೆನ್ನೈನ ಎಲೈಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿ 1985ರಲ್ಲಿ ಆರಂಭವಾದರೂ, ಪೂರಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಬಂದದ್ದು 2021ರಲ್ಲಿ. ವಿದ್ಯಾಭ್ಯಾಸದ ಮಟ್ಟಕ್ಕೂ ನೋಂದಣಿಗೂ ಅದು ಒಂದು ಚೌಕಟ್ಟನ್ನು ಒದಗಿಸಿತು. ಇದು ಸ್ವಾಗತಾರ್ಹ. ಆದರೆ ಕಣ್ಣು ಪರೀಕ್ಷಿಸುವವರು ಯಾರಾಗಿರಬೇಕೆಂದು ಕಾಯಿದೆ ಹೇಳಬಲ್ಲುದೇ ಹೊರತು, ಅವರ ಕೂಲಿ ಎಲ್ಲಿಂದ ಬರಬೇಕೆಂದು ಹೇಳಲಾರದು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ನಮ್ಮ ಪೇಟೆಬೀದಿಗಳಲ್ಲಿ 'ಕಣ್ಣಿನ ಪರೀಕ್ಷೆ ಉಚಿತ' ಎಂಬ ಫಲಕ ಎದ್ದುಕಾಣುತ್ತದೆ. ಪುಕ್ಕಟೆಯ ಪರೀಕ್ಷೆ ಎಂಬುದಿಲ್ಲ. ಪರೀಕ್ಷಿಸುವವರ ಸಂಬಳ ಕನ್ನಡಕದ ಬೆಲೆಯೊಳಗೆ ಅಡಗಿರುತ್ತದೆ. 'ನಿಮ್ಮ ಹಳೆಯ ಕನ್ನಡಕವೇ ಸರಿಯಾಗಿದೆ, ಹೊಸದು ಬೇಡ' ಎಂಬುದು ದೃಷ್ಟಿಮಾಪಕರು ಆಡಬಹುದಾದ ಅತ್ಯಂತ ಪ್ರಾಮಾಣಿಕವಾದ ಮಾತು. ಆ ಮಾತಿನಿಂದ ಅಂಗಡಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ವಿದ್ಯೆ ಒಂದು ಕಡೆ, ಅನ್ನ ಇನ್ನೊಂದು ಕಡೆ ಎಳೆಯುವ ಈ ಇಕ್ಕಟ್ಟನ್ನು ಇಪ್ಪತ್ತೆರಡರ ಹರೆಯದವರು ದಿನವೂ ಎದುರಿಸಬೇಕಾಗುತ್ತದೆ.

ಇದರ ಹೊಣೆ ಅಂಗಡಿಯವರದು ಮಾತ್ರವೆನ್ನುವಂತಿಲ್ಲ. ಚೌಕಟ್ಟಿಗೆ ಸಾವಿರಗಟ್ಟಲೆ ಸಂತೋಷದಿಂದ ತೆರುವ ನಾವು, ಅರ್ಧಗಂಟೆ ಕುಳಿತು ಕಣ್ಣು ನೋಡಿದವರಿಗೆ ನೂರಿನ್ನೂರು ಕೊಡಲು ಹಿಂದೆಮುಂದೆ ನೋಡುತ್ತೇವೆ. ಕಣ್ಣಿಗೆ ಕಾಣುವ ವಸ್ತುವಿಗೆ ಬೆಲೆ, ಕಾಣಿಸಿಕೊಟ್ಟ ವಿದ್ಯೆಗೆ ಬೆಲೆಯಿಲ್ಲ ಎಂಬ ಈ ಮನೋಧರ್ಮ ಬದಲಾಗದೆ ವೃತ್ತಿಯ ಗೌರವ ಹೆಚ್ಚಲಾರದು.

ಆದುದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು: ಶುಲ್ಕ ಕಟ್ಟುವ ಮೊದಲು ಒಂದು ದಿನ ಕಣ್ಣಾಸ್ಪತ್ರೆಯಲ್ಲಿ, ಇನ್ನೊಂದು ದಿನ ಅಂಗಡಿಯಲ್ಲಿ ಅನುಮತಿ ಪಡೆದು ಕುಳಿತು ನೋಡಿ. ಸಂಬಳವೆಷ್ಟೆಂದು ಕೇಳುವುದರ ಜೊತೆಗೆ, ಅದು ಪರೀಕ್ಷೆಗೋ ಮಾರಾಟಕ್ಕೋ ಎಂಬುದನ್ನೂ ವಿಚಾರಿಸಿ. 'ಬೇಡ' ಎಂದು ಹೇಳುವ ಸ್ವಾತಂತ್ರ್ಯವಿರುವ ಸ್ಥಳ ದೊರೆಯುವುದಾದರೆ, ಮತ್ತೊಬ್ಬರ ನೋಟ ತಿಳಿಯಾದಾಗ ನಿಮ್ಮ ಮನಸ್ಸು ಹಿಗ್ಗುವುದಾದರೆ, ಧೈರ್ಯವಾಗಿ ಸೇರಿ. ವೈದ್ಯನಾಗಲಾಗಲಿಲ್ಲವೆಂಬ ಕೊರಗನ್ನು ಮರೆಸಲು ಮಾತ್ರ ಸೇರಬೇಡಿ. ಆ ಕೊರಗನ್ನು ಯಾವ ಮಸೂರವೂ ತಿದ್ದಲಾರದು.