ಸಾಕುಪ್ರಾಣಿಗಳೂ ನೆರಳಿನ ಋಣವೂ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯು ಈ ಸೀಮೆಯವರಿಗೆಲ್ಲ ಪರಿಚಿತವಾದದ್ದು. ತಾಪಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿ ದಿನಗಟ್ಟಲೆ ಅಲ್ಲಿಯೇ ನಿಲ್ಲುವ ಈ ನಾಡಿನಲ್ಲಿ, ಮನುಷ್ಯನ ದುಡಿಮೆಯು ಸೂರ್ಯನ ಗತಿಗೆ ಹೊಂದಿಕೊಳ್ಳಬೇಕೆಂಬ ವಿವೇಕವನ್ನು ಪ್ರಭುತ್ವವೇ ಅಂಗೀಕರಿಸಿರುವುದು ಶ್ಲಾಘ್ಯವಾದ ಸಂಗತಿ. ಆದರೆ ಕಚೇರಿಯಿಂದ ಮರಳಿದ ಗೃಹಸ್ಥನು ಕೂಲರಿನ ಮುಂದೆ ವಿಶ್ರಮಿಸುವ ಅದೇ ಹೊತ್ತಿನಲ್ಲಿ ಅವನ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಸರಪಳಿಯಲ್ಲಿ ಕಟ್ಟಿದ ನಾಯಿಯೂ, ತಗಡಿನ ಚಪ್ಪರದ ಕೆಳಗೆ ನಿಂತ ಎಮ್ಮೆಯೂ, ಪಡುವಣ ಕಿಟಕಿಗೆ ತೂಗುಹಾಕಿದ ಪಂಜರದ ಹಕ್ಕಿಯೂ ಬೇಯುತ್ತಿದ್ದರೆ, ಆ ವಿವೇಕವು ಮನೆಯ ಹೊಸ್ತಿಲಿನಲ್ಲಿಯೇ ನಿಂತುಹೋಯಿತೆಂದು ಹೇಳಬೇಕಾಗುತ್ತದೆ. ಪ್ರಾಣಿಗಳ ಬೇಸಗೆಯ ಆರೈಕೆಯು ದಯಾವಂತರ ಇಚ್ಛೆಗೆ ಬಿಟ್ಟ ಉಪಕಾರವೋ, ಅಥವಾ ಸಾಕಿದವನು ತೀರಿಸಲೇಬೇಕಾದ ಋಣವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪ್ರಾಣಿಗಳು ಪ್ರಕೃತಿಯ ಶಿಶುಗಳು, ಬಿಸಿಲನ್ನು ಸಹಿಸುವುದು ಅವುಗಳ ಹುಟ್ಟುಗುಣ ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಸ್ವೇಚ್ಛೆಯಾಗಿ ಬದುಕುವ ಪ್ರಾಣಿಯು ನಡುಹಗಲಿನಲ್ಲಿ ಹಳ್ಳದ ದಂಡೆಯ ತೇವದ ಮಣ್ಣನ್ನೋ ಬೇವಿನ ಬುಡದಲ್ಲಿ ತಾನೇ ಕೆದರಿಕೊಂಡ ಕುಳಿಯನ್ನೋ ಸೇರಿ, ಹೊತ್ತು ಇಳಿಯುವವರೆಗೆ ಅಲ್ಲಿಂದ ಕದಲುವುದಿಲ್ಲ. ಅದರ ಸಹನೆಯ ಗುಟ್ಟಿರುವುದು ಸ್ಥಳವನ್ನು ಆರಿಸಿಕೊಳ್ಳುವ ಈ ಸ್ವಾತಂತ್ರ್ಯದಲ್ಲಿ. ಹಗ್ಗದಿಂದಲೋ ಸರಪಳಿಯಿಂದಲೋ ಪಂಜರದಿಂದಲೋ ಆ ಸ್ವಾತಂತ್ರ್ಯವನ್ನು ಕಸಿದುಕೊಂಡವನು, ಅದರಿಂದ ದೊರೆಯುತ್ತಿದ್ದ ನೆರಳನ್ನೂ ನೀರನ್ನೂ ತಾನೇ ಒದಗಿಸಲು ಬದ್ಧನಾಗುತ್ತಾನೆ.

ದೇಹಧರ್ಮವನ್ನು ಪರಿಶೀಲಿಸಿದರೆ ಈ ಬದ್ಧತೆಯು ಇನ್ನಷ್ಟು ಸ್ಪಷ್ಟವಾಗುತ್ತದೆ. ಮನುಷ್ಯನು ಮೈಯೆಲ್ಲ ಬೆವರಿ ತಣಿಯುತ್ತಾನೆ. ನಾಯಿಯಾದರೋ ಬೆವರುವುದು ಹೆಚ್ಚಾಗಿ ಪಾದದ ಅಡಿಯಲ್ಲಿ ಮಾತ್ರ. ನಾಲಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ಮತ್ತು ಶ್ವಾಸಮಾರ್ಗದ ತೇವವನ್ನು ಆವಿಯಾಗಿಸುವುದೇ ಅದರ ಮುಖ್ಯೋಪಾಯ. ನಮ್ಮ ಮನೆಯ ಕೂಲರು ಒಣಗಾಳಿಯಲ್ಲಿ ನೀರನ್ನು ಆವಿಯಾಗಿಸಿ ತಂಪನ್ನು ಕೊಡುವುದೂ ಇದೇ ನಿಯಮದಿಂದಲೇ. ತೊಟ್ಟಿಯ ನೀರು ಬತ್ತಿದ ಕೂಲರು ಬಿಸಿಗಾಳಿಯನ್ನಷ್ಟೇ ಬೀಸುವಂತೆ, ಕುಡಿಯಲು ನೀರಿಲ್ಲದ ನಾಯಿಯ ಏದುಸಿರೂ ನಿಷ್ಫಲವಾಗುತ್ತದೆ. 38ರಿಂದ 39 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ಅದರ ಮೈಬಿಸಿ 41ನ್ನು ಮೀರಿದರೆ ಮಿದುಳು, ಮೂತ್ರಪಿಂಡಗಳೇ ಮೊದಲಾದ ಅವಯವಗಳಿಗೆ ಅಪಾಯವೊದಗುತ್ತದೆ. ಮೋಟುಮೂತಿಯ ಪಗ್ ನಾಯಿಯ ಶ್ವಾಸಮಾರ್ಗವೇ ಇಕ್ಕಟ್ಟಾದುದರಿಂದ, ಕೃಶಕಾಯದ ನೀಳಮೂತಿಯ ಮುಧೋಳ ನಾಯಿಗಿಂತ ಅದಕ್ಕೆ ಕಷ್ಟ ಹೆಚ್ಚು. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಎಮ್ಮೆಗೆ ಅವು ವಿರಳವಾಗಿದ್ದು, ಕಪ್ಪು ತೊಗಲು ಬಿಸಿಲನ್ನು ಹೀರುವುದರಿಂದ, ಕೆಸರಿಗೆ ಇಳಿಯುವುದು ಅದರ ಪಾಲಿಗೆ ಚಪಲವಾಗಿರದೆ ಜೀವರಕ್ಷಣೆಯ ಮಾರ್ಗವಾಗಿದೆ.

ಈ ತಿಳಿವಳಿಕೆಯು ನಮ್ಮ ಹಿರಿಯರಿಗೆ ಅನುಭವದಿಂದಲೇ ಸಿದ್ಧಿಸಿತ್ತು. ಕಮಲಾಪುರದ ಸುತ್ತಣ ಹಳ್ಳಿಗಳ ಹಳೆಯ ಮಣ್ಣುಮಾಳಿಗೆಯ ಮನೆಗಳಲ್ಲಿ ದಪ್ಪಗೋಡೆಯ ತಂಪನ್ನು ಮನೆಮಂದಿಯೂ ದನಕರುಗಳೂ ಒಂದೇ ಸೂರಿನಡಿ ಹಂಚಿಕೊಳ್ಳುತ್ತಿದ್ದುದುಂಟು. ಗೊಬ್ಬರವನ್ನೂ ನೀರನ್ನೂ ಧಾರಾಳವಾಗಿ ಬೇಡುವ ಆ ಊರಿನ ಪ್ರಸಿದ್ಧ ಕೆಂಪುಬಾಳೆಯ ತೋಟಕ್ಕೆ ಬೇಸಗೆಯಲ್ಲಿ ತೋರುವ ಎಚ್ಚರವನ್ನು, ಆ ಗೊಬ್ಬರವನ್ನಿತ್ತ ದನಕ್ಕೂ ತೋರುವುದು ರೈತನಿಗೆ ಸಹಜವಾಗಿತ್ತು. ಮಣ್ಣುಮಾಳಿಗೆಯು ಹೋಗಿ ಕಾಂಕ್ರೀಟಿನ ಮಾಳಿಗೆಯೂ ತಗಡಿನ ಕೊಟ್ಟಿಗೆಯೂ ಬಂದಮೇಲೆ, ಮನುಷ್ಯನು ಪಂಖವನ್ನೂ ಕೂಲರನ್ನೂ ಸಂಪಾದಿಸಿಕೊಂಡನು. ಪ್ರಾಣಿಯ ಪಾಲಿಗೆ ಕಾದ ತಗಡು ಉಳಿಯಿತು.

ಮನುಷ್ಯರಿಗೇ ಕುಡಿಯುವ ನೀರು ದುರ್ಲಭವಾಗಿರುವಾಗ ಪ್ರಾಣಿಗಳ ಸುಖವನ್ನು ಚಿಂತಿಸುವುದು ಉಳ್ಳವರ ವಿಲಾಸವೆಂಬ ಆಕ್ಷೇಪವು, ಬಿಸಿಲನ್ನು ಸಹಿಸುವುದು ಪ್ರಾಣಿಗಳ ಹುಟ್ಟುಗುಣವೆಂಬ ಮಾತಿಗಿಂತ ಗಂಭೀರವಾದದ್ದು. ಟ್ಯಾಂಕರಿನ ಹಾದಿ ಕಾಯುವ ತಾಯಂದಿರ ಕಷ್ಟವನ್ನು ಬಲ್ಲವರಾರೂ ಇದನ್ನು ಲಘುವಾಗಿ ತಳ್ಳಿಹಾಕಲಾರರು. ಆದರೂ 20 ಕಿಲೋ ತೂಕದ ನಾಯಿಗೆ ಸಾಧಾರಣ ದಿನಗಳಲ್ಲಿ 1 ಲೀಟರಿನಷ್ಟು ನೀರು ಸಾಕು, ಬೇಸಗೆಯಲ್ಲಿ ಅದರ ಇಮ್ಮಡಿಯಾದೀತು. ನೆರಳಿಗಂತೂ ನೀರೇ ಬೇಡ: ತಗಡಿನ ಮೇಲೆ ಹುಲ್ಲನ್ನೋ ತೊಗರಿಕಟ್ಟಿಗೆಯನ್ನೋ ಹೊದಿಸುವುದು, ಕಟ್ಟುವ ಗೂಟವನ್ನು ಬೇವಿನಡಿಗೆ ಸರಿಸುವುದು, ನಾಯಿಯ ತಿರುಗಾಟವನ್ನು ನಸುಕಿಗೂ ರಾತ್ರಿಗೂ ಗೊತ್ತುಪಡಿಸುವುದು ಬಡವನಿಗೂ ಸಾಧ್ಯವಾದ ಕಾರ್ಯಗಳು. ಇಲ್ಲಿ ನಮಗೆ ಕೊರತೆಯಾಗಿರುವುದು ಬಹುಮಟ್ಟಿಗೆ ಗಮನವೇ.

ಶಾಸನವೂ ಇದನ್ನು ಕೇವಲ ದಯೆಯೆಂದು ಎಣಿಸಿಲ್ಲ. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯು ಪ್ರಾಣಿಯ ಯೋಗಕ್ಷೇಮವನ್ನು ಅದರ ಪಾಲಕನ ಕರ್ತವ್ಯವೆಂದೇ ವಿಧಿಸುತ್ತದೆ. 37 ಡಿಗ್ರಿಗಿಂತ ಹೆಚ್ಚು ಉಷ್ಣತೆಯಿರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಎತ್ತು ಮೊದಲಾದ ದುಡಿಯುವ ಪ್ರಾಣಿಗಳನ್ನು ಗಾಡಿಗೆ ಹೂಡಬಾರದೆಂದು 1965ರ ನಿಯಮಗಳು ನಿಷೇಧಿಸುತ್ತವೆ. ಈ ಕರ್ತವ್ಯದ ಭಾವನೆಯು ಕಾಯಿದೆಗಿಂತಲೂ ಪುರಾತನವಾದದ್ದು. ಇದೇ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿವೆ. ಆ ಶಿಲೆಯಲ್ಲಿ ಇಲ್ಲದಿದ್ದರೂ ಅವನ ಎರಡನೆಯ ಬಂಡೆಶಾಸನವು ಮನುಷ್ಯರಿಗೂ ಪಶುಗಳಿಗೂ ಸಮಾನವಾಗಿ ಚಿಕಿತ್ಸೆಯನ್ನೂ, ದಾರಿಯುದ್ದಕ್ಕೂ ಮರಗಳನ್ನೂ ಬಾವಿಗಳನ್ನೂ ಏರ್ಪಡಿಸಿದ ಸಂಗತಿಯನ್ನು ಸಾರುತ್ತದೆ.

ಋಣವೆಂದು ಒಪ್ಪಿದ ಮೇಲೆ ತೀರಿಸುವ ಕ್ರಮವನ್ನೂ ಅರಿಯಬೇಕು. ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ಮುಚ್ಚಿದ ಕಾರಿನೊಳಗಣ ಉಷ್ಣವು ಹತ್ತೇ ನಿಮಿಷಗಳಲ್ಲಿ ಹತ್ತು ಡಿಗ್ರಿಯಷ್ಟು ಏರಬಲ್ಲುದಾದುದರಿಂದ, ಕ್ಷಣಕಾಲಕ್ಕೆಂದರೂ ನಾಯಿಯನ್ನು ಅಲ್ಲಿ ಬಿಡಲಾಗದು. ನಮ್ಮ ಕೈಯ ಹಿಂಬದಿಯು ಕೆಲವು ಕ್ಷಣ ತಾಳಲಾರದ ಡಾಂಬರು ಅದರ ಪಾದಕ್ಕೂ ಸಲ್ಲದು. ಜೊಲ್ಲು ಸುರಿಸಿ, ಒಸಡು ಕೆಂಪೇರಿ, ಕಾಲು ತಡವರಿಸಿದರೆ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರನ್ನು ಸುರಿದು ಗಾಳಿ ಹಾಕುತ್ತ, ತಡಮಾಡದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಬಲವಂತವಾಗಿ ನೀರು ಕುಡಿಸುವುದೂ ಒದ್ದೆ ಬಟ್ಟೆಯನ್ನು ಸುತ್ತಿ ಬಿಟ್ಟುಬಿಡುವುದೂ ಅಪಾಯಕರ.

ಬಿಸಿಲು ಅನಿರೀಕ್ಷಿತವಾಗಿ ಬರುವ ಅತಿಥಿಯಲ್ಲ. ಅದರ ಆಗಮನವನ್ನು ಈ ಊರು ಪ್ರತಿ ವರ್ಷವೂ ಬಲ್ಲದು, ಕಚೇರಿಯ ವೇಳಾಪತ್ರಿಕೆಯನ್ನೂ ಮೊದಲೇ ಬದಲಿಸಿಕೊಳ್ಳುತ್ತದೆ. ಆದುದರಿಂದ ಯುಗಾದಿಗೆ ಮುನ್ನವೇ ನೆರಳನ್ನೂ ನೀರನ್ನೂ ವಿಶ್ರಾಂತಿಯ ವೇಳೆಯನ್ನೂ ತನ್ನ ಪ್ರಾಣಿಗಾಗಿ ಗೊತ್ತುಮಾಡಲಾರದ ಗೃಹಸ್ಥನು, ಪ್ರಾಣಿಯನ್ನು ಸಾಕುವ ಅಧಿಕಾರವನ್ನೇ ಪುನರ್ವಿಮರ್ಶಿಸಿಕೊಳ್ಳುವುದು ನ್ಯಾಯವಾದದ್ದು.