ಹೆರಿಗೆಯ ಕೋಣೆಯಲ್ಲಿ ಅತ್ತೆಯವರು

ನಮ್ಮ ಅತ್ತೆಯವರಿಗೆ ಆಸ್ಪತ್ರೆಯೆಂದರೆ ಅಸಮಾಧಾನ. ನನ್ನಾಕೆಯನ್ನು ಹೆತ್ತಾಗ ತಮ್ಮ ತಾಯಿಯನ್ನು ಬಾಗಿಲಾಚೆಗೆ ನಿಲ್ಲಿಸಿ, ತಮ್ಮನ್ನು ಒಬ್ಬಂಟಿಯಾಗಿ ನೋಯಲು ಬಿಟ್ಟರೆಂಬ ನೆನಪು ಇನ್ನೂ ಮಾಸಿಲ್ಲ. ಕಳೆದ ತಿಂಗಳು ಮಗಳನ್ನು ಸರಕಾರಿ ಆಸ್ಪತ್ರೆಗೆ ಸೇರಿಸಿದಾಗಲೂ ತಾವಾಗಿಯೇ ಬಾಗಿಲಲ್ಲಿ ನಿಂತುಬಿಟ್ಟರು.

“ಅಲ್ಲೇಕೆ ನಿಂತಿರಿ, ಅಮ್ಮಾ? ಒಳಗೆ ಬನ್ನಿ, ಮಗಳ ಪಕ್ಕದಲ್ಲಿರಿ” ಎಂದರು ದಾದಿ.

ಹೆರುವವಳ ಜೊತೆಗೆ ಆಕೆಯ ಕಡೆಯ ಹೆಂಗಸೊಬ್ಬರು ಇರಬಹುದೆಂದು ಕೇಂದ್ರ ಸರಕಾರ 2016ರಲ್ಲಿಯೇ ಅನುಮತಿಯಿತ್ತಿದೆ. ನನಗೆ ಮಾತ್ರ ವರಾಂಡದ ಬೆಂಚು. ಒಳಗೆ ಬೇರೆ ಸ್ತ್ರೀಯರೂ ಇದ್ದುದರಿಂದ ಅದು ನ್ಯಾಯವೇ!

ಉಳಿದುದನ್ನು ಅತ್ತೆಯವರಿಂದಲೇ ಕೇಳಿದೆ. ನೋವು ಬಂದಾಗಲೆಲ್ಲ ಅವರು ಸೊಂಟ ನೀವಿದರು, ಗುಟುಕು ಗುಟುಕಾಗಿ ನೀರು ಕುಡಿಸಿದರು. ಎದ್ದು ಅಡ್ಡಾಡಲೂ ವೈದ್ಯೆ ಬಿಟ್ಟರಂತೆ. ಮಗು ಹುಟ್ಟಿದೊಡನೆ ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿದರು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದುದು ಒಂದು ನಿಮಿಷ ಕಳೆದ ಮೇಲೆಯೇ. ಅಷ್ಟರಲ್ಲಿ ಹರಿದು ಬರುವ ರಕ್ತ ಮಗುವಿಗೆ ಲಾಭ. ಗಂಟೆಯೊಳಗೆ ಮೊಲೆಹಾಲು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕೆಂದು ನಂಬಿದ್ದ ಅತ್ತೆಯವರು ಏನೂ ಅನ್ನಲಿಲ್ಲ.

ಮೂರನೆಯ ದಿನ ಮನೆಗೆ ಹೊರಡಲು ಆಟೋ ತಂದರೆ ಅತ್ತೆಯವರೇ ಇಲ್ಲ! ಹುಡುಕಿದರೆ, ನೋವು ತಿನ್ನುತ್ತಿದ್ದ ಯಾರೋ ಹುಡುಗಿಯ ಸೊಂಟ ನೀವುತ್ತಿದ್ದರು. ಅವಳ ತಾಯಿಯ ಬಸ್ಸು ಇನ್ನೂ ಬಂದಿರಲಿಲ್ಲ.